ಕೆಲಸ ಮಾಡ್ತೀನಿ ಅಂತ ತೋರಿಸೋ ಕೆಲಸ

ಇಂಥವು ನನಗೊಬ್ಬಳಿಗೇ ಆಗುತ್ತವೋ, ಈ ನೌಕರಿಗೆ ಸೇರಿದವರಿಗೆಲ್ಲ ಆಗುತ್ತವೋ ಗೊತ್ತಿಲ್ಲ. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿರುತ್ತದೆ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕಟ್ಟಡದ ಕೆಲಸ ಮಾಡುವವರಿಗೆ ಸರ್ಕಾರ ಒಂದು ಆರೋಗ್ಯ ಕಾರ್ಡು ಕೊಡುತ್ತದೆ. ಅದಿದ್ದರೆ ಮನೆಯವರಿಗೆಲ್ಲ ಆಸ್ಪತ್ರೆ ಖರ್ಚಿಲ್ಲ. ಷರತ್ತು ಒಂದೇ, ವರ್ಷಕ್ಕೆ ತೊಂಬತ್ತು ದಿನವಾದರೂ ಕಟ್ಟಡದ ಕೆಲಸ ಮಾಡಿರಬೇಕು. ಕಾಯಿಲೆಯವರಿಗೆ, ಬಾಣಂತಿಯರಿಗೆ, ಅರವತ್ತು ದಾಟಿದವರಿಗೆ ಆ ಷರತ್ತಿನಿಂದ ವಿನಾಯಿತಿ. ಕೇಳುವುದಕ್ಕೆ ಎಷ್ಟು ಸಲೀಸಾಗಿದೆ ನೋಡಿ. ಇದನ್ನು ಬರೆದವರು ಯಾರೋ ಪುಣ್ಯಾತ್ಮರು ಬರೆದು, ಮನೆಗೆ ಹೋಗಿ ಊಟ ಮಾಡಿ ಮಲಗಿದರು. ಜಾರಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಕೆಲಸ ಮಾಡದವರೂ ಕಾರ್ಡು ಮಾಡಿಸಿಕೊಂಡಿದ್ದಾರೆ, ಮನೆಮನೆಗೆ ಹೋಗಿ ನೋಡಿ, ಸುಳ್ಳಾಗಿದ್ದರೆ ರದ್ದು ಮಾಡಿ ಅಂತ ಮೇಲಿನಿಂದ ಆದೇಶ ಬಂತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿಗೆ ನಾನೊಬ್ಬಳು, ಒಂದು ಹಳೇ ಜೀಪು, ಅದರ ಡ್ರೈವರಣ್ಣ. ಜೊತೆಗೆ ನನ್ನ ಫೋನಿಗೆ ಹಾಕಿಕೊಟ್ಟ ಒಂದು ಆ್ಯಪು. ಕೇಳಿದ್ದಕ್ಕೆಲ್ಲ ಹೌದು ಅಥವಾ ಇಲ್ಲ ಅಂತ ಒತ್ತಬೇಕು. ಈ ದೇಶದಲ್ಲಿ ಹೌದು ಅಥವಾ ಇಲ್ಲ ಅಂತ ಹೇಳಬಹುದಾದ ವಿಷಯ ಎಷ್ಟಿವೆ ಅಂತ ಅದನ್ನು ಮಾಡಿದವರಿಗೆ ಯಾರೂ ಹೇಳಿರಲಿಲ್ಲ.

ಗಟ್ಟಿ ಸಾಕ್ಷಿ

ದಂಡಿಗನಹಳ್ಳಿ ಹೋಬಳಿಯ ಒಂದು ಊರು. ಒಂದೇ ಮನೆಯಲ್ಲಿ ಮೂರು ಕಾರ್ಡು, ಮೂರೂ ಸೊಸೆಯಂದಿರ ಹೆಸರಿನಲ್ಲಿ. ಮೂವರೂ ಗಾರೆ ಕೆಲಸದವರ ಕೈಯಾಳು ಅಂತ ದಾಖಲೆ. ಮನೆಗೆ ತೆಂಗಿನ ತೋಟವಿತ್ತು, ಟ್ರ್ಯಾಕ್ಟರಿತ್ತು, ಎರಡು ಅಂತಸ್ತಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆ ಅಂತ ಪಂಚಾಯಿತಿಯವರ ಕೈಲಿ ಹೇಳಿ ಕಳಿಸಿದ್ದೆ. ದಾರಿಯಲ್ಲಿ ಜೀಪು ಪಂಕ್ಚರಾಯಿತು. ಸ್ಟೆಪ್ನಿ ತೆಗೆದು ನೋಡಿದರೆ ಅದು ಮೊದಲೇ ಪಂಕ್ಚರಾಗಿತ್ತು. ಊರು ಮುಟ್ಟಿದಾಗ ಊಟದ ಹೊತ್ತು ಮೀರಿಹೋಗಿತ್ತು.

ಅಂಗಳದಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಹಿಂದೆ ಮೂವರು ಸೊಸೆಯಂದಿರು ತಲೆಗೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಒಂದೊಂದು ಬಾಂಡ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಬಾಂಡ್ಲಿಗಳ ಮೇಲಿನ ಅಂಗಡಿ ಚೀಟಿ ಇನ್ನೂ ಕಿತ್ತಿರಲಿಲ್ಲ. ಕಿರಿಯವಳು ನಿಂತಲ್ಲೇ ತೂಕಡಿಸುತ್ತಿದ್ದಳು. ಅಂಗಳದ ನಡುವೆ ಕಲಸಿಟ್ಟ ಸಿಮೆಂಟಿನ ಗುಡ್ಡೆ, ಅದರೊಳಗೆ ನೆಟ್ಟಗೆ ನಿಂತ ಸನಿಕೆ.

"ಏನವ್ವ, ಒಂಬತ್ ಗಂಟ್ಗೆ ಅಂತ ಯೋಳ್ಕಳ್ಸಿ ಈಗ ಬತ್ತಾರಾ ಯಾರಾದ್ರೂ?" ಅಂತ ಅತ್ತೆ ನನ್ನನ್ನೇ ದಬಾಯಿಸಿದರು. "ವತ್ತಾರೆಯಿಂದ ಈ ಎಣ್ಮಕ್ಳು ಒಂದ್ ತೊಟ್ಟು ಕಾಪಿ ಕುಡ್ದಿಲ್ಲ."

"ಕೆಲಸ ಎಲ್ಲಿ ನಡೀತಾ ಇದೆಯಮ್ಮ?" ಅಂದೆ.

"ಇಲ್ಲೇಯ."

"ಏನು ಕಟ್ತಾ ಇದ್ದೀರಿ?"

ಅತ್ತೆ ಸೊಸೆಯಂದಿರ ಕಡೆ ನೋಡಿದರು. ಹಿರಿಯವಳು ಎರಡನೆಯವಳ ಕಡೆ ನೋಡಿದಳು. ಎರಡನೆಯವಳು "ತುಳಸಿ ಕಟ್ಟೆ" ಅಂದಳು. ಅದೇ ಹೊತ್ತಿಗೆ ಎಚ್ಚರವಾದ ಕಿರಿಯವಳು "ಬಚ್ಚಲು" ಅಂದಳು.

ಇರಲಿ, ಒಂದು ಬಾಂಡ್ಲಿ ತುಂಬಿ ತೋರಿಸಿ ಅಂದೆ. ಹಿರಿಯವಳು ಬಂದು ಸನಿಕೆ ಹಿಡಿದು ಎಳೆದಳು. ಬರಲಿಲ್ಲ. ಎರಡನೆಯವಳು ಕೈ ಸೇರಿಸಿದಳು. ಬರಲಿಲ್ಲ. ಹೆಣ್ಣುಮಕ್ಕಳ ಕಷ್ಟ ನೋಡಲಾರದೆ ಡ್ರೈವರಣ್ಣ ಹೋಗಿ ಜೋರಾಗಿ ಎಳೆದರು. ಹಿಡಿ ಅವರ ಕೈಗೆ ಬಂತು, ಸನಿಕೆ ಅಲ್ಲೇ ಉಳಿಯಿತು. ನಾವು ಬರುತ್ತೇವೆ ಅಂತ ಬೆಳಗಾಗುತ್ತಲೇ ಕಲಸಿಟ್ಟಿದ್ದ ಸಿಮೆಂಟು ಬಿಸಿಲಿಗೆ ಒಣಗಿ ಅಂಗಳದ ಜೊತೆ ಒಂದಾಗಿಹೋಗಿತ್ತು.

ಅತ್ತೆಗೆ ಕಾರ್ಡಿನ ಚಿಂತೆ ಹೋಗಿ ಅಂಗಳದ ಚಿಂತೆ ಹತ್ತಿತು. "ನಾಳೀಕೆ ರಂಗೋಲಿ ಎಲ್ಲಿ ಬುಡಾದು ಈಗ?" ಅಂದವರೇ ಯಾರನ್ನೋ ಕರೆಸಿದರು. ಪಕ್ಕದ ಬೀದಿಯಿಂದ ಒಬ್ಬ ಗಾರೆಯವನು ಹಾರೆ, ಸುತ್ತಿಗೆ ತಂದು ಒಡೆಯುವುದಕ್ಕೆ ಶುರುಮಾಡಿದ. ಅವನ ಅಂಗೈ ನೋಡಿದರೆ ಸಾಕು, ಬೇರೆ ಪರಿಶೀಲನೆ ಬೇಕಾಗಿರಲಿಲ್ಲ.

"ನಿನ್ನ ಹತ್ರ ಕಾರ್ಡಿದೆಯೇನಪ್ಪ?" ಅಂತ ಕೇಳಿದೆ.

"ಎಲ್ಲಿ ಮೇಡಂ. ಅರ್ಜಿ ಆಕ್ಬೇಕು ಅಂದ್ರೆ ಕೆಲ್ಸ ಬುಟ್ಟು ಅಲೀಬೇಕು" ಅಂದ. ಒಂದೆರಡು ಏಟು ಹಾಕಿ, ಸುತ್ತಿಗೆ ಕೆಳಗಿಟ್ಟು, ತಗ್ಗಿದ ದನಿಯಲ್ಲಿ ಕೇಳಿದ. "ಇವ್ರ್ ಮನೇಲಿ ಮೂರವೆ ಅಂತಲ್ಲ ಮೇಡಂ, ಒಂದ್ನ ನನ್ನೆಸ್ರಿಗೆ ತಿರುಗ್ಸಕ್ಕಾಯ್ತದಾ?"

ಮನೆಯಲ್ಲಿ ಸಿಕ್ಕಿದ ತಪ್ಪು

ನಿಜವಾಗಿ ದುಡಿಯುವವರು ಹಗಲಲ್ಲಿ ಮನೆಯಲ್ಲಿರುವುದಿಲ್ಲ. ನಾವು ಹೋಗುವುದು ಹಗಲಲ್ಲೇ. ಮನೆಯಲ್ಲಿ ಸಿಗದವರ ಕಾರ್ಡು ನಿಲ್ಲಿಸಬೇಕು ಅಂತ ನಿಯಮ. ಇದನ್ನು ಹೀಗೆ ಒಂದರ ಪಕ್ಕ ಒಂದು ಬರೆದರೆ ಮಗುವಿಗೂ ಅರ್ಥವಾಗುತ್ತದೆ, ನಮ್ಮ ಇಲಾಖೆಗೆ ಅರ್ಥವಾಗುವುದಕ್ಕೆ ಒಂದು ವರ್ಷ ಬೇಕಾಯಿತು.

ಅರಕಲಗೂಡಿನಲ್ಲಿ ಒಬ್ಬ ಪ್ಲಾಸ್ಟರಿಂಗ್ ಕೆಲಸದವನಿದ್ದ. ಅವನ ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿತ್ತು, ಕಾರ್ಡು ಬೇಕೇ ಬೇಕು. ಮೊದಲ ಸಲ ಹೋದಾಗ ಅವನಿರಲಿಲ್ಲ. ಎರಡನೇ ಸಲವೂ ಇರಲಿಲ್ಲ. ತಾಯಿ ಜಗಲಿ ಮೇಲೆ ಕೂತು ನನ್ನ ದನಿ ಬಂದ ಕಡೆ ಮುಖ ಮಾಡಿ ಹೇಳಿದರು.

"ಕೆಲ್ಸ ಮಾಡ್ತಾನಾ ಇಲ್ವಾ ಅಂತ ನೋಡಕ್ ಬಂದಿವ್ನಿ ಅಂತೀಯ. ಕೆಲ್ಸಕ್ಕೋಗವ್ನೆ ಅಂದ್ರೆ ಸಿಗ್ನಿಲ್ಲ ಅಂತ ಬರ್ಕತೀಯ. ನೀನೇ ಯೋಳವ್ವ, ಅವ್ನು ಎಲ್ಲಿರ್ಬೇಕು?"

ಮಗನಿಗೆ ಫೋನು ಮಾಡಿ, ಗುರುವಾರ ಒಂದು ದಿನ ಮನೆಯಲ್ಲಿರಪ್ಪ ಅಂದೆ. ಪಾಪ, ಕೂಲಿ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕಾದಿದ್ದ. ನನಗೆ ಖುಷಿಯಾಗಿ ಆ್ಯಪು ತೆಗೆದೆ. ಮೊದಲ ಪ್ರಶ್ನೆ, 'ಭೇಟಿಯ ಸಮಯದಲ್ಲಿ ಫಲಾನುಭವಿಯು ಕೆಲಸದಲ್ಲಿ ತೊಡಗಿದ್ದರೇ?' ಇಲ್ಲ ಅಂತ ಒತ್ತಿದೆ. ಪರದೆ ಕೆಂಪಾಯಿತು.

"ಏನಂತೆ ಮೇಡಂ?" ಅಂದ.

"ನೀನು ಕೆಲಸ ಮಾಡ್ತಾ ಇಲ್ವಂತೆ."

"ನೀವೇ ಇರು ಅಂದ್ರಲ್ಲ ಮೇಡಂ."

ಸರಿ, ಅವನನ್ನು ಜೀಪಿಗೆ ಹತ್ತಿಸಿಕೊಂಡು ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೇ ಹೋದೆವು. ಒಗೆದ ಅಂಗಿಯಲ್ಲೇ ಸಾರ್ವೆ ಮರ ಹತ್ತಿ, ಕರಣೆ ಹಿಡಿದು ಗೋಡೆಗೆ ಬಳಿಯತೊಡಗಿದ. ಫೋಟೋ ತೆಗೆದೆ. ಮುಖ ಕಾಣುತ್ತಿಲ್ಲ ಅಂತ ಬಂತು. ತಿರುಗಪ್ಪ ಅಂದೆ. ಈಗ ತಿರುಗಿದ್ರೆ ಗಾರೆ ಜಾರ್ತದೆ ಅಂದ. ಕಾದು, ತಿರುಗಿದ ಮೇಲೆ ತೆಗೆದೆ. ಮುಖದ ತುಂಬ ಸಿಮೆಂಟು ಸಿಡಿದಿತ್ತು, ಮುಖ ಹೊಂದಾಣಿಕೆಯಾಗಲಿಲ್ಲ ಅಂತ ಬಂತು. ಇಳಿದು ಬಂದು ಮುಖ ತೊಳೆದು, ಫೋಟೋ ಅಂದಮೇಲೆ ಅಂತ ಇನ್ನೊಂದು ಸಲ ತಲೆ ಬಾಚಿ ನಿಂತ. ಮುಖ ಹೊಂದಿತು. ಎರಡು ನಿಮಿಷಕ್ಕೆ ಕಚೇರಿಯಿಂದ ಸಂದೇಶ ಬಂತು, ಚಿತ್ರದಲ್ಲಿ ಫಲಾನುಭವಿಯು ಕೆಲಸ ಮಾಡುತ್ತಿರುವಂತೆ ತೋರುತ್ತಿಲ್ಲ.

ಕೊನೆಗೆ ಡ್ರೈವರಣ್ಣನೇ ಉಪಾಯ ಹೇಳಿದರು. ಕೈ ಗೋಡೆ ಕಡೆ, ಮುಖ ನಮ್ಮ ಕಡೆ. ಮದುವೆ ಮನೆಯಲ್ಲಿ ಧಾರೆ ಎರೆಯುವಾಗ ಹೆಣ್ಣಿನ ಅಪ್ಪ ಕ್ಯಾಮೆರಾ ನೋಡುತ್ತಾರಲ್ಲ, ಹಾಗೆ ನಗುನಗುತ್ತಾ ಐದಾರು ಸಲ ಬಳಿದ. ಪರದೆ ಹಸಿರಾಯಿತು. ತಾಯಿಯ ಕಣ್ಣಿಗೆ ದಾರಿಯಾಯಿತು ಅಂತ ನಾನು ಜೀಪು ಹತ್ತುವಾಗ ಆ ಕಟ್ಟಡದ ಮಾಲೀಕರು ಓಡಿ ಬಂದರು.

"ಮೇಡಂ, ನೀವು ಗಾರೆಯವರನ್ನ ಪರೀಕ್ಷೆ ಮಾಡೋರಂತೆ. ಒಳ್ಳೇದಾಯ್ತು ಬಂದಿದ್ದು. ಇವತ್ತು ಬಳ್ದಿರೋ ಕಡೆ ಗೋಡೆ ಬಸುರಿ ಹೊಟ್ಟೆ ಥರ ಉಬ್ಕೊಂಡದೆ. ಇವ್ನು ನಿಜವಾಗ್ಲೂ ಗಾರೆಯವನೇನಾ ಅಂತ ಒಸಿ ನೋಡ್ಬುಟ್ಟು ಹೋಗಿ."

ಕಟ್ಟಿದವರು ಯಾರು

ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆವು. ನಾವು ಯಾರು ಅಂತ ತಿಳಿದದ್ದೇ ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದು ಎದುರಿಗೆ ಕೂತರು.

"ನಮ್ದೂ ಒಂದು ಕಾರ್ಡು ಮಾಡ್ಕೊಡಿ ಮೇಡಂ. ಮಂಡಿ ನೋವು."

"ಅದು ಕಟ್ಟಡ ಕಟ್ಟೋರಿಗೆ ಸಾರ್."

"ಈ ಹೋಟ್ಲು ಕಟ್ಟಿದ್ಯಾರು ಅನ್ಕೊಂಡ್ರಿ? ನಾನೇಯ."

"ನೀವು ಕಟ್ಟಿಸಿದ್ದು."

"ಅಂಗೆಂಗ್ ಅಂದೀರಿ. ಪಾಯದಿಂದ ಮೋಲ್ಡಿನ ತನಕ ಇಲ್ಲೇ ಬಿಸಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೀನಿ. ತೊಂಬತ್ತೇನು, ಇನ್ನೂರು ದಿನ ಆಯ್ತದೆ."

ಕುರ್ಚಿ ಹಾಕಿಕೊಂಡು ಕೂತದ್ದು ಲೆಕ್ಕಕ್ಕೆ ಬರುವುದಿಲ್ಲ ಅಂತ ನಾನು ನಿಯಮ ಬಿಡಿಸಿ ಹೇಳುತ್ತಾ ಹೋದೆ. ಅವರು ಒಪ್ಪಲಿಲ್ಲ. ಕೂತು ನೋಡದಿದ್ದರೆ ಕೆಲಸದವರು ಕೆಲಸ ಮಾಡುತ್ತಾರಾ, ಹಾಗಾಗಿ ಅದೂ ಕೆಲಸವೇ ಅಂತ ಅವರ ವಾದ. ನನ್ನ ಇಡ್ಲಿ ತಣ್ಣಗಾಯಿತು. ಡ್ರೈವರಣ್ಣ ತಮ್ಮದನ್ನು ಮುಗಿಸಿ, ಕೈ ತೊಳೆದು ಬಂದು, ಬಿಲ್ಲು ಕೈಗೆ ತೆಗೆದುಕೊಂಡು ನೋಡಿ ಮಾಲೀಕರ ಮುಂದೆ ಮೆತ್ತಗೆ ಇಟ್ಟರು.

"ಅಂಗಾರೆ ಈ ಇಡ್ಲೀನೂ ನಾವೇ ಮಾಡ್ದಂಗಾಯ್ತು ಕಣಣ್ಣ. ಅದು ಬೇಯೋಗಂಟ ಇಲ್ಲೇ ಕುರ್ಚಿ ಮೇಲೆ ಕೂತು ನೋಡ್ತಿದ್ವಲ್ಲ."

ವಿನಾಯಿತಿ ಬೇಡ ಅಂದ ಅಜ್ಜಿ

ಒಳ್ಳೆ ಸುದ್ದಿ ಹೇಳುವ ಅವಕಾಶ ನನ್ನ ಕೆಲಸದಲ್ಲಿ ಬಹಳ ಕಮ್ಮಿ. ನುಗ್ಗೇಹಳ್ಳಿಯಲ್ಲಿ ಒಂದು ಸಿಕ್ಕಿತು ಅಂದುಕೊಂಡೆ.

ದೇವಸ್ಥಾನದ ಹತ್ತಿರ ಒಂದು ಮನೆ ಕಟ್ಟುತ್ತಿದ್ದರು. ಒಬ್ಬ ಅಜ್ಜಿ ತಲೆ ಮೇಲೆ ಇಟ್ಟಿಗೆ ಹೊತ್ತು ಓಡಾಡುತ್ತಿದ್ದರು. ಕಾರ್ಡಿನಲ್ಲಿ ವಯಸ್ಸು ನೋಡಿದರೆ ಎಪ್ಪತ್ತರ ಹತ್ತಿರ. "ಅಜ್ಜಿ, ನಿಮಗೆ ಅರವತ್ತು ದಾಟಿದೆ. ಇನ್ನು ಮೇಲೆ ನೀವು ಕೆಲಸ ಮಾಡಿದ್ದೀರಿ ಅಂತ ಯಾರಿಗೂ ತೋರಿಸಬೇಕಾಗಿಲ್ಲ. ಆಸ್ಪತ್ರೆ ಹಾಗೇ ಸಿಗುತ್ತೆ. ನಿಮಗೆ ವಿನಾಯಿತಿ" ಅಂದೆ.

ಅಜ್ಜಿ ಇಟ್ಟಿಗೆ ಇಳಿಸಿದರು. "ಅಂಗಂದ್ರೆ?"

"ನೀವು ಕೆಲಸ ಮಾಡದಿದ್ರೂ ಪರವಾಗಿಲ್ಲ ಅಂತ."

"ಯಾರು ಯೋಳ್ಕಳ್ಸಿದ್ದು ನಿನ್ನ? ಮೇಸ್ತ್ರೀನಾ, ನನ್ ಸೊಸೇನಾ?"

"ಯಾರೂ ಇಲ್ಲ ಅಜ್ಜಿ. ಸರ್ಕಾರ."

"ಸರ್ಕಾರಕ್ಕೆ ನಾನೇನ್ ಮಾಡಿದ್ದೆ? ಕೆಲ್ಸ ಮಾಡ್ತಾವ್ನಿ, ನಿನ್ ಕಣ್ಗೆ ಕಾಣಾಕಿಲ್ವಾ? ಕೆಲ್ಸ ಇಲ್ಲ ಅಂತ ನೀನು ಬರ್ಕಂಡೋದ್ರೆ ನಾಳೀಕೆ ಯಾರು ಕರ್ದಾರು ನನ್ನ?"

ಇದು ಕೆಲಸ ಕಿತ್ತುಕೊಳ್ಳುವ ಕಾಗದವಲ್ಲ ಅಂತ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅವರಿಗಾಗಿ 'ಕೆಲಸ ಮಾಡುತ್ತಿದ್ದಾರೆ' ಅಂತ ಹಾಕೋಣ ಅಂತ ನೋಡಿದರೆ, ಅರವತ್ತು ದಾಟಿದವರಿಗೆ ಆ ಗುಂಡಿಯೇ ಒತ್ತುವುದಕ್ಕೆ ಬರುವುದಿಲ್ಲ. ಆ್ಯಪಿನ ಪ್ರಕಾರ ಅಜ್ಜಿ ಇಟ್ಟಿಗೆ ಹೊರುತ್ತಿರಲಿಲ್ಲ.

"ವಯಸ್ಸಿನ ಲೆಕ್ಕ ಅಜ್ಜಿ, ನನ್ನ ಕೈಲಿಲ್ಲ" ಅಂದೆ.

"ಅಷ್ಟೇನಾ? ಅಂಗಾರೆ ಐವತ್ತೆಂಟು ಅಂತ ಬರ್ಕೊ."

"ಹೇಗಾಗುತ್ತೆ ಅಜ್ಜಿ, ನಿಮ್ಮ ದೊಡ್ಡ ಮಗನಿಗೇ ಐವತ್ತೊಂದು ಅಂತ ಇಲ್ಲಿ ಬಂದಿದೆ."

ಅಜ್ಜಿ ಸಿಂಬಿ ಸರಿಮಾಡಿ ತಲೆ ಮೇಲಿಟ್ಟುಕೊಂಡರು. "ಅವುನ್ದೂ ಒಸಿ ಇಳ್ಸು."

ಮಾಡಬಾರದು, ಮಾಡಲಾರರು

ಹೊಳೆನರಸೀಪುರದ ಒಬ್ಬ ಸೆಂಟ್ರಿಂಗ್ ಕೆಲಸದವನು ಹಲಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಆಗಬೇಕು. ಆಸ್ಪತ್ರೆಯಲ್ಲಿ ಕಾರ್ಡು ಹಾಕಿ ನೋಡಿದರೆ ನಿಂತುಹೋಗಿದೆ. ಯಾಕೆ ಅಂದರೆ, ಈ ವರ್ಷ ತೊಂಬತ್ತು ದಿನ ಕೆಲಸ ಮಾಡಿಲ್ಲ. ಯಾಕೆ ಮಾಡಿಲ್ಲ ಅಂದರೆ, ಸೊಂಟ ಮುರಿದಿದೆ. ಸೊಂಟ ಯಾಕೆ ಸರಿಯಾಗಿಲ್ಲ ಅಂದರೆ, ಕಾರ್ಡು ನಿಂತಿದೆ.

ಅವನ ಹೆಂಡತಿ ನಮ್ಮ ಕಚೇರಿಗೆ ಬಂದಾಗ ನಾನೇ ಧೈರ್ಯ ಹೇಳಿದೆ. ಕಾಯಿಲೆಯವರಿಗೆ ವಿನಾಯಿತಿ ಇದೆ, ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ಬರೆಸಿಕೊಂಡು ಬನ್ನಿ ಅಂದೆ. ಆಕೆ ಊರಿನ ಆಸ್ಪತ್ರೆಯಲ್ಲಿ ಅರ್ಧ ದಿನ ಸಾಲು ನಿಂತು ತಂದಳು. 'ಇವರು ಭಾರದ ಕೆಲಸ ಮಾಡಬಾರದು' ಅಂತಿತ್ತು.

ನಮ್ಮ ಸೂಪರಿಂಟೆಂಡೆಂಟರು ಕಡತಗಳ ನಡುವೆಯೇ ತಲೆ ನರೆಸಿಕೊಂಡವರು. ಕನ್ನಡಕ ಏರಿಸಿ ಓದಿದರು. "ಮಾಡಬಾರದು ಅಂತಿದೆ. ಮಾಡಬಾರದ್ದನ್ನ ಜನ ಮಾಡ್ತಾರಮ್ಮ. ನಾನು ಸಿಗರೇಟು ಸೇದಬಾರದು ಅಂತ ನನ್ನ ಡಾಕ್ಟರೂ ಬರ್ಕೊಟ್ಟಿದ್ದಾರೆ. ಸೇದಲ್ವಾ ನಾನು? ಮಾಡಲಾರರು ಅಂತ ಇರಬೇಕು."

ಆಕೆ ಮತ್ತೆ ಹೋದಳು. ಮತ್ತೆ ಸಾಲು. 'ಇವರು ಕೆಲಸ ಮಾಡಲಾರರು' ಅಂತ ಬರೆಸಿಕೊಂಡು ಬಂದಳು. ಸೂಪರಿಂಟೆಂಡೆಂಟರು ಓದಿ, ಕನ್ನಡಕ ಇಳಿಸಿ ನನ್ನ ಕಡೆ ನೋಡಿದರು.

"ಈ ಕಾರ್ಡು ಯಾರಿಗಮ್ಮ?"

"ಕಾರ್ಮಿಕರಿಗೆ ಸಾರ್."

"ಕೆಲಸ ಮಾಡಲಾರದವನು ಕಾರ್ಮಿಕ ಹೇಗಾಗ್ತಾನೆ? ಇದನ್ನ ಒಪ್ಪಿಕೊಂಡ್ರೆ ವಿನಾಯಿತಿ ಅಲ್ಲ, ಕಾರ್ಡೇ ರದ್ದು ಮಾಡ್ಬೇಕಾಗುತ್ತೆ."

ಆಕೆ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಕೂತುಬಿಟ್ಟಳು. ನನಗೆ ಆ ಇಬ್ಬರಲ್ಲಿ ಯಾರ ಮುಖ ನೋಡುವುದಕ್ಕೂ ಆಗಲಿಲ್ಲ. ಆಕೆಯನ್ನು ಎಬ್ಬಿಸಿ ಜೀಪು ಹತ್ತಿಸಿ ನಾನೇ ಹೊಳೆನರಸೀಪುರಕ್ಕೆ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಹೊರಗೆ ಬಾಗಿಲ ತನಕ ಜನ. ಈಗ ಮಾಡಲಾರರು, ಆಪರೇಷನ್ ಆದರೆ ಮಾಡುತ್ತಾರೆ ಅಂತ ಬೇಕಂತೆ ಅಂದೆ. ಅವರು ಬರೆದು, ಸೀಲು ಹಾಕಿ ಕೊಟ್ಟರು. ಜೀಪಿನಲ್ಲಿ ಕೂತು ಓದಿದೆ. 'ಇವರು ಸದ್ಯ ಕೆಲಸ ಮಾಡಲಾರರು. ಆಪರೇಷನ್ ಆದರೆ ಮಾಡಬಲ್ಲರು. ಇವರ ವಿಷಯವಾಗಿ ಮೂರನೆಯ ಸಲ ಬರೆಯುತ್ತಿರುವುದರಿಂದ ನಾನೂ ಸದ್ಯ ಬೇರೆ ಕೆಲಸ ಮಾಡಲಾರೆ.'

ಅದನ್ನೇ ಸೂಪರಿಂಟೆಂಡೆಂಟರ ಮುಂದಿಟ್ಟೆ. ಎರಡು ಸಲ ಓದಿದರು. ಸಹಿ ಮಾಡಿದರು. ಆ ಸಹಿಯಿಂದಲೇ ಆಪರೇಷನ್ ಆಯಿತು, ಅವನು ಈಗ ಕೋಲು ಹಿಡಿದು ಅಂಗಡಿ ತನಕ ನಡೆದು ಬರುತ್ತಾನೆ. ಆದರೆ ಸಹಿ ಮಾಡಿದ ಕಾಗದ ನನ್ನ ಕೈಗೆ ಕೊಡುವಾಗ ಸೂಪರಿಂಟೆಂಡೆಂಟರು ಗಂಭೀರವಾಗಿ ಹೇಳಿದರು.

"ಇದು ಸರಿಯಾಗಿದೆ. ಆ ಕೊನೇ ವಾಕ್ಯಕ್ಕೆ ಮಾತ್ರ ಡಾಕ್ಟರು ಬೇರೆ ಅರ್ಜಿ ಹಾಕ್ಬೇಕು."

ಗೋಡೆ ಪರೀಕ್ಷೆ

ಇವೆಲ್ಲಕ್ಕಿಂತ ದೊಡ್ಡದು ಆದದ್ದು ಹಾಸನದಲ್ಲಿ, ನಮ್ಮ ಕಚೇರಿಯ ಹಿತ್ತಲಲ್ಲಿ.

ಆ ಹೊತ್ತಿಗೆ ಕಾರ್ಡು ನಿಂತುಹೋದವರ ದೂರು ಗುಡ್ಡೆಬಿದ್ದಿತ್ತು. ಹೊಸದಾಗಿ ಒಬ್ಬ ಅಧಿಕಾರಿ ಬಂದಿದ್ದರು. ಚುರುಕಿನ ಮನುಷ್ಯ, ಅನುಮಾನವೂ ಅಷ್ಟೇ ಚುರುಕು. ಆ್ಯಪನ್ನೂ ನಂಬಲಿಲ್ಲ, ಸರ್ಟಿಫಿಕೇಟನ್ನೂ ನಂಬಲಿಲ್ಲ, ನನ್ನನ್ನಂತೂ ನಂಬಲೇ ಇಲ್ಲ. "ಕಾಗದ ಸುಳ್ಳು ಹೇಳುತ್ತೆ, ಕೈ ಸುಳ್ಳು ಹೇಳಲ್ಲ. ದೂರು ಕೊಟ್ಟವರನ್ನೆಲ್ಲ ಕರೆಸಿ. ನನ್ನ ಮುಂದೆ ಇಟ್ಟಿಗೆ ಕಟ್ಟಿ ತೋರಿಸಲಿ" ಅಂದರು.

"ಸಾರ್, ಎಲ್ಲರೂ ಗಾರೆಯವರಲ್ಲ. ಬಣ್ಣದವರಿದ್ದಾರೆ, ವೈರಿಂಗಿನವರಿದ್ದಾರೆ, ಟೈಲ್ಸಿನವರಿದ್ದಾರೆ."

"ಕಟ್ಟಡದ ಕೆಲಸ ಅಂದಮೇಲೆ ಕಟ್ಟೋಕೆ ಬರಲೇಬೇಕು."

ಇಟ್ಟಿಗೆ, ಸಿಮೆಂಟು ಬಂತು. ಸಾಹೇಬರು ಹಿಂದಿನ ವರಾಂಡದಲ್ಲಿ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ಹಿತ್ತಲ ತುದಿಯಲ್ಲಿ ಮೂರು ಕಡೆ ಗೋಡೆಯಿದ್ದು ಒಂದು ಕಡೆ ತೆರೆದಿದ್ದ ಶೆಡ್ಡಿತ್ತು. ಅವರು ಕೂತಲ್ಲಿಂದ ಅದರ ಎರಡು ಕಂಬ ಕಾಣುತ್ತಿದ್ದವು, ಒಳಗೆ ಬರೀ ಕತ್ತಲು. "ಆ ಎರಡು ಕಂಬದ ನಡುವೆ ಕಟ್ಟಿ. ಸುಮ್ಮನೆ ಕಟ್ಟಿ ಕೆಡವೋದಕ್ಕಿಂತ ಒಂದು ಗೋಡೆಯಾದ್ರೂ ಆಗಲಿ" ಅಂದರು. ನಾನು ಒಳಗೆ ಟೇಬಲ್ಲಿನಲ್ಲಿ ಬಂದವರ ಹೆಸರು ನೋಡಿಕೊಳ್ಳುತ್ತಿದ್ದೆ. ಅಲ್ಲಿ ನಡೆದ ಮಾತನ್ನು ಆಮೇಲೆ ಕೇಳಿ ತಿಳಿದದ್ದು.

ಮೊದಲು ಹೋದವರು ಅರಕಲಗೂಡು ಕಡೆಯ ಒಬ್ಬ ಹಿರಿಯ ಗಾರೆಯವರು. ಶೆಡ್ಡಿನ ಒಳಗೆ ಇಣುಕಿ ನೋಡಿ ಬಂದು, "ಸಾ, ಇಲ್ಲೊಂದು ಬಾಗ್ಲು ಬುಡ್ಬೇಕಾ?" ಅಂತ ಕೇಳಿದರಂತೆ.

"ಬಾಗಿಲು ಗೀಗಿಲು ಏನಿಲ್ಲ. ಹೇಳಿದಷ್ಟು ಕಟ್ಟಿ. ಮಧ್ಯೆ ಮಾತಾಡಿದ್ರೆ ಫೇಲು."

ಆಮೇಲೆ ಯಾರೂ ಮಾತಾಡಲಿಲ್ಲ. ಒಬ್ಬೊಬ್ಬರೇ ಹೋಗಿ ಒಂದೊಂದು ವರಸೆ ಇಟ್ಟಿಗೆ ಇಟ್ಟು ಬಂದರು. ಒಳ್ಳೆ ಕೆಲಸದವರು, ಮಧ್ಯಾಹ್ನದ ಹೊತ್ತಿಗೆ ಗೋಡೆ ಎದೆಮಟ್ಟ ಬಂದಿತ್ತು.

ಊಟವಾದ ಮೇಲೆ ಒಬ್ಬ ಬಣ್ಣದವನ ಸರದಿ ಬಂತು. ಅವನ ಪ್ಯಾಂಟಿನ ಮೇಲೆ ಹಾಸನದ ಅರ್ಧ ಮನೆಗಳ ಬಣ್ಣ ಇತ್ತು. ಅವನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಗಿತ್ತು, ಸೋಮವಾರಕ್ಕೆ ದಿನ ಕೊಟ್ಟಿದ್ದರು. ಕಾರ್ಡು ಚಾಲೂ ಆದರೆ ಮಾತ್ರ.

"ಸಾ, ನಾನು ಬಣ್ಣದೋನು. ಬೇಕಾದ್ರೆ ಈ ಗೋಡೆಗೇ ಎರಡು ಕೋಟು ವಡ್ದು ತೋರುಸ್ತೀನಿ" ಅಂದನಂತೆ.

"ಕಟ್ಟು ಅಂದ್ರೆ ಕಟ್ಟು."

ಕಟ್ಟಿದ. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒಂದೊಂದು ಇಟ್ಟಿಗೆಯನ್ನೂ ಸವರಿ ಸವರಿ ಇಟ್ಟ. ನಾಲ್ಕನೆಯದು ಇಡುವಾಗ ಮೊದಲ ಮೂರು ಉರುಳಿದವು. ಫೇಲು ಅಂದರು. ಅವನು ಒಳಗೆ ಬಂದು ನನ್ನ ಟೇಬಲ್ಲಿನ ಹತ್ತಿರ ನಿಂತ. "ಸೋಮವಾರ ಅಂದವ್ರೆ ಮೇಡಂ" ಅಂದ. ಅಷ್ಟೇ. ನನಗೆ ರೇಗಿಹೋಯಿತು. ಬಾ ನನ್ನ ಜೊತೆ ಅಂತ ಅವನನ್ನು ಕರೆದುಕೊಂಡು ವರಾಂಡಕ್ಕೆ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಗಡಿಯಾರ ನೋಡಿ ಎದ್ದರು. "ಜಿಲ್ಲಾಧಿಕಾರಿ ಕಚೇರೀಲಿ ಮೀಟಿಂಗ್ ಇದೆ, ಲೇಟಾಗ್ತಿದೆ. ಜೀಪು ತೆಗೆಯೋಕೆ ಹೇಳಿ. ಡ್ರೈವರ್ ಎಲ್ಲಿ?"

ನಾನು ಡ್ರೈವರಣ್ಣನಿಗೆ ಫೋನು ಮಾಡಿದೆ. ರಿಂಗು ಗೋಡೆಯ ಆಚೆ ಕೇಳಿಸಿತು.

ನಾವೆಲ್ಲ ಆ ಕಡೆ ತಿರುಗಿದೆವು. ಒಂದು ಸಲ ಹಾರ್ನು ಆಯಿತು. ಇನ್ನೊಂದು ಸಲ ಆಯಿತು. ಆಮೇಲೆ ಗೋಡೆಯ ಮೇಲೆ ಡ್ರೈವರಣ್ಣನ ತಲೆ ಕಾಣಿಸಿಕೊಂಡಿತು. ಬೆಳಿಗ್ಗೆ ಕೆಲಸವಿಲ್ಲ ಅಂತ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದವರು ಈಗ ಎದ್ದಿದ್ದರು. ಎರಡೂ ಕೈ ಗೋಡೆ ಮೇಲಿಟ್ಟು ನಿಧಾನವಾಗಿ ಎಡಕ್ಕೂ ಬಲಕ್ಕೂ ನೋಡಿದರು. "ಮೇಡಂ, ಇದು ಯಾವಾಗ ಕಟ್ಟುದ್ರು?"

ಸಾಹೇಬರು ಹಿರಿಯ ಗಾರೆಯವರ ಕಡೆ ತಿರುಗಿದರು. "ಒಳಗೆ ಜೀಪಿರೋದು ನಿಮಗೆ ಕಾಣ್ಲಿಲ್ವಾ?"

"ಕಾಣ್ತು ಸಾ."

"ಮತ್ತೆ ಹೇಳೋದಲ್ವಾ?"

"ಮಾತಾಡುದ್ರೆ ಪೇಲು ಅಂದಿದ್ರಲ್ಲ ಸಾ."

"ಕೆಡವಿ ಬೇಗ."

ಗಾರೆಯವರು ಅಲ್ಲಾಡಲಿಲ್ಲ. "ಕೆಡವ್ತೀವಿ ಸಾ. ಕೆಡವಾದೂ ಪರೀಕ್ಸೇಲೇ ಬತ್ತದಾ, ಇಲ್ಲ ಬ್ಯಾರೆನಾ?"

"ಪರೀಕ್ಷೇಲೇ ಬರುತ್ತೆ ಕಣ್ರಿ. ಬೇಗ."

"ಅಂಗಾರೆ ಪೇಲಾದೋರೂ ಕೈ ಆಕ್ಬೋದಾ ಸಾ?"

ಸಾಹೇಬರು ಮತ್ತೆ ಗಡಿಯಾರ ನೋಡಿದರು. "ಯಾರಾದ್ರೂ ಹಾಕಿ."

ಹಿರಿಯರು ನನ್ನ ಪಕ್ಕದಲ್ಲಿದ್ದ ಬಣ್ಣದವನ ಕಡೆ ನೋಡಿ, "ಬಾರ್ಲಾ" ಅಂದರು. ಅವನು ಓಡಿದ. ಅಷ್ಟು ಜನ ಗಾರೆಯವರಿದ್ದರೂ ಅವನಷ್ಟು ಚುರುಕಾಗಿ ಯಾರೂ ಕೆಡವಲಿಲ್ಲ. ತಾವು ಕಟ್ಟಿದ್ದನ್ನು ಕೆಡವುವುದಕ್ಕೆ ಅವರಿಗೆಲ್ಲ ಸ್ವಲ್ಪ ಸಂಕಟ, ಅವನಿಗೆ ಆ ತೊಂದರೆ ಇರಲಿಲ್ಲ. ಜೀಪು ಹೊರಗೆ ಬಂತು. ಸಾಹೇಬರು ಹತ್ತಿ ಕೂತ ಮೇಲೆ ನಾನು ಕಿಟಕಿ ಹತ್ತಿರ ಹೋಗಿ, "ಸಾರ್, ಬಣ್ಣದವನು ಪಾಸಾ?" ಅಂತ ಕೇಳಿದೆ.

"ಪಾಸು, ಪಾಸು. ನಡೀರಿ."

"ಪರೀಕ್ಷೆಯಲ್ಲಿ ತೋರಿಸಿದ ಕೆಲಸ ಏನು ಅಂತ ಹಾಕ್ಬೇಕು ಸಾರ್, ಅದೊಂದು ಕಾಲಂ ಇದೆ."

"ಏನು ಮಾಡಿದ್ನೋ ಅದನ್ನೇ ಹಾಕಿ" ಅಂದರು. ಜೀಪು ಹೋಯಿತು. ನಮ್ಮ ಕಂಪ್ಯೂಟರಿನ ಹುಡುಗಿ ಹೇಳಿದ ಮಾತು ಮೀರುವವಳಲ್ಲ. ಹೇಳಿದ ಹಾಗೇ ಹಾಕಿದಳು. ಸಂಜೆಯೊಳಗೆ ಅವನ ಕಾರ್ಡು ಚಾಲೂ ಆಯಿತು.

ಸೋಮವಾರ ಕೊನೇ ಗಳಿಗೆಯಲ್ಲಿ ಇನ್ನೇನು ತಗಾದೆ ಬರುತ್ತದೋ ಅಂತ ನಾನೇ ಆಸ್ಪತ್ರೆಗೆ ಹೋದೆ. ತಗಾದೆ ಏನೂ ಬರಲಿಲ್ಲ, ಆಪರೇಷನ್ನೂ ಚೆನ್ನಾಗಿಯೇ ಆಯಿತು. ಆದರೆ ಅದಕ್ಕೆ ಮೊದಲು, ಕೌಂಟರಿನಲ್ಲಿ ಕೂತಿದ್ದವರು ಕಾರ್ಡನ್ನು ಹಾಕಿ ಪರದೆ ಮೇಲೆ ಬಂದದ್ದನ್ನು ಜೋರಾಗಿ ಓದಿದರು. "ಯಜಮಾನರ ಕೆಲಸ, ಗೋಡೆ ಕೆಡವುವುದು. ಸರೀನಮ್ಮ?"

ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಗಂಡನನ್ನು ಮೇಲಿನಿಂದ ಕೆಳಗಿನ ತನಕ ಒಂದು ಸಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಣ್ಣ ವಡೀತಾನೆ ಅಂತ ಯೋಳಿ ನಮ್ಮಪ್ಪನ್ನ ಒಪ್ಸಿದ್ರು ಮೇಡಂ. ನಿಜ ಏನು ಅಂತ ಇಷ್ಟು ವರ್ಸ ಆದ್ಮೇಲೆ ಸರ್ಕಾರದೋರು ಯೋಳ್ಬೇಕಾಯ್ತು ನೋಡಿ."